ಹೊಸ್ತಿಲು ದಾಟಿದ ಮೇಲಿನ ಹತ್ತು ಹೆಜ್ಜೆ

ಅಂಗಡಿಯಾಗಲಿ, ವಸ್ತುಪ್ರದರ್ಶನವಾಗಲಿ, ಸಾಂಸ್ಕೃತಿಕ ಕೇಂದ್ರವಾಗಲಿ, ಒಳಗೆ ಬಂದವರು ಹೊರಗಿನದನ್ನೆಲ್ಲ ಮರೆತು ಮುಳುಗಿಹೋಗುವಂಥ ಜಾಗವನ್ನು ರೂಪಿಸಿಕೊಡಿ ಎಂದು ಕೇಳಿಕೊಂಡು ಬರುವವರು ಈಗ ಮುಂಬೈಯಲ್ಲಿ ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಮೊದಲು ಎತ್ತುವುದು ಪರದೆಯ ಮಾತು. ಎಲ್‌ಇಡಿ ಗೋಡೆ ಎಷ್ಟು ದೊಡ್ಡದಿರಬೇಕು, ಪ್ರೊಜೆಕ್ಟರ್ ಎಷ್ಟು ಬೇಕು, ಕಾಲಿಟ್ಟಲ್ಲಿ ನೆಲದ ಮೇಲೆ ಹೂವು ಅರಳುವಂತೆ ಮಾಡಬಹುದೇ ಎಂದು ಕೇಳುತ್ತಾರೆ. ಈ ಕಸುಬಿನಲ್ಲಿ ಇಷ್ಟು ಕಾಲ ಇದ್ದು ನನಗೆ ಮನದಟ್ಟಾಗಿರುವ ಸಂಗತಿ ಬೇರೆ. ಇಮ್ಮರ್ಸಿವ್ ಎಂದು ನಾವು ಕರೆಯುವ ಅನುಭವದ ಬಹುಪಾಲು, ಹೊಸ್ತಿಲು ದಾಟಿದ ಮೇಲಿನ ಮೊದಲ ಹತ್ತು ಹೆಜ್ಜೆಗಳಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ಪರದೆಯ ಸರದಿ ಬರುವುದು ಆಮೇಲೆ.

ಈ ಮಾತು ಎಲ್ಲ ಊರಿಗೂ ಸಲ್ಲುತ್ತದಾದರೂ ಮುಂಬೈಗೆ ಹೆಚ್ಚು ಸಲ್ಲುತ್ತದೆ. ನಮ್ಮಲ್ಲಿಗೆ ಬರುವ ಪ್ರೇಕ್ಷಕರು ಲೋಕಲ್ ರೈಲಿನ ನೂಕುನುಗ್ಗಲಿನಿಂದ ಇಳಿದು, ಸ್ಟೇಷನ್ನಿನ ಮೇಲ್ಸೇತುವೆ ಹತ್ತಿಳಿದು, ಟ್ಯಾಕ್ಸಿಗಳ ಹಾರ್ನು ಕೇಳುತ್ತ, ಬೆವರಿದ ಮೈಯಲ್ಲಿ, ಎಲ್ಲಿದ್ದೀರಿ ಎಂದು ಕೇಳುವ ಫೋನಿಗೆ ಉತ್ತರ ಕೊಡುತ್ತಲೇ ಬಾಗಿಲಿಗೆ ಬಂದಿರುತ್ತಾರೆ. ಅವರ ಕಣ್ಣು, ಕಿವಿ, ನಡಿಗೆಯ ವೇಗ ಎಲ್ಲವೂ ಇನ್ನೂ ರಸ್ತೆಯದ್ದೇ ಆಗಿರುತ್ತದೆ. ಅಂಥವರನ್ನು ಬಾಗಿಲು ತೆಗೆದ ಕೂಡಲೇ ಒಂದು ಅಮೂಲ್ಯ ವಸ್ತುವಿನ ಎದುರು ನಿಲ್ಲಿಸಿದರೆ ಅವರು ಅದನ್ನು ನೋಡಿಯೂ ನೋಡುವುದಿಲ್ಲ. ಹಾಗಾಗಿ ನಕ್ಷೆಯಲ್ಲಿ ಮೊದಲ ಮೂರು ನಾಲ್ಕು ಮೀಟರ್ ಜಾಗವನ್ನು ಏನನ್ನೂ ತೋರಿಸದೆ ಬಿಟ್ಟುಕೊಡಿ ಎಂದು ನಾನು ಹಟ ಹಿಡಿಯುತ್ತೇನೆ. ಚದರಡಿಗೆ ಇಷ್ಟು ಬಾಡಿಗೆ ಎಂದು ಲೆಕ್ಕ ಹಾಕುವ ಈ ಊರಿನಲ್ಲಿ ಅದನ್ನು ಒಪ್ಪಿಸುವುದು ಸುಲಭವಲ್ಲ, ಆದರೆ ಅಷ್ಟು ಜಾಗವನ್ನು ಉಳಿಸಿಕೊಂಡರೆ ಉಳಿದ ಜಾಗಕ್ಕೆಲ್ಲ ಬೆಲೆ ಬರುತ್ತದೆ.

ಬೆಳಕಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಹಳೆಯ ಬಟ್ಟೆ, ಹಸ್ತಪ್ರತಿ, ಜಲವರ್ಣದ ಚಿತ್ರ ಇಂಥವನ್ನು ಪ್ರದರ್ಶಿಸುವಾಗ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 50 ಲಕ್ಸ್. ತೈಲವರ್ಣಕ್ಕೆ 200 ಲಕ್ಸ್‌ವರೆಗೆ ಹೋಗಬಹುದು. ಬೆಳಕಿನಿಂದ ಬಣ್ಣಕ್ಕೆ ಆಗುವ ಹಾನಿ ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆ, ಒಮ್ಮೆ ಮಾಸಿದ್ದು ಮತ್ತೆ ಬರುವುದಿಲ್ಲ, ಆದ್ದರಿಂದ ಈ ಮಿತಿಯಲ್ಲಿ ರಾಜಿಗೆ ಅವಕಾಶವಿಲ್ಲ. ಹಾಗೆಂದರೆ ಬಿಸಿಲಿನಿಂದ ಬಂದ ವ್ಯಕ್ತಿ ಎರಡು ಸಾವಿರ ಪಟ್ಟು ಕಡಿಮೆ ಬೆಳಕಿಗೆ ಕಾಲಿಡುತ್ತಿದ್ದಾನೆ ಎಂದಾಯಿತು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕಾಗಬಹುದು. ಬಣ್ಣಗಳನ್ನು ಗುರುತಿಸುವ ಕೋನ್ ಕೋಶಗಳು ಬೇಗ, ಹತ್ತು ನಿಮಿಷದೊಳಗೆ ಸಿದ್ಧವಾಗುತ್ತವೆ. ಅಷ್ಟು ಹೊತ್ತು ಯಾರನ್ನೂ ಕಾಯಿಸಲು ಸಾಧ್ಯವಿಲ್ಲ. ಸಾಧ್ಯವಿರುವುದು ಇಳುಕಲನ್ನು ಮೆಟ್ಟಿಲುಗಳಾಗಿ ಒಡೆಯುವುದು: ನೆರಳಿನ ಪೋರ್ಟಿಕೊ, ಅಲ್ಲಿಂದ ಮುನ್ನೂರು ಲಕ್ಸ್‌ನ ಮುಂಗೋಣೆ, ಅಲ್ಲಿಂದ ನೂರರ ಆಸುಪಾಸಿನ ಓಣಿ, ಆಮೇಲೆ ವಸ್ತು. ಓಣಿಯ ಗೋಡೆ ಗಾಢ ಬಣ್ಣದ್ದಾಗಿದ್ದರೆ ಮುಂದಿನ ಕೋಣೆಯ 50 ಲಕ್ಸ್ ಮಂಕಾಗಿ ಕಾಣದೆ ಬೆಳಗಿದಂತೆ ಕಾಣುತ್ತದೆ. ಅಷ್ಟೇ ಬೆಳಕು, ಅದೇ ಲ್ಯಾಂಪು. ಬದಲಾದದ್ದು ನೋಡುವ ಕಣ್ಣಿನ ಸ್ಥಿತಿ.

ಹಳಬರು ಇದನ್ನು ಲಕ್ಸ್ ಮೀಟರ್ ಇಲ್ಲದೆಯೇ ಬಲ್ಲವರಾಗಿದ್ದರು. ಜಾರ್ಜ್ ವಿಟೆಟ್ ವಿನ್ಯಾಸಗೊಳಿಸಿದ, 1922ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗುವವರು ಮೊದಲು ತೋಟವನ್ನು ಹಾಯಬೇಕು, ಮರಗಳ ನೆರಳಿನಲ್ಲಿ ನಡೆಯಬೇಕು, ಕಮಾನುಗಳ ಕೆಳಗೆ ಬರಬೇಕು, ಆಮೇಲಷ್ಟೇ ಗುಮ್ಮಟದ ಕೆಳಗಿನ ಹಜಾರ ಸಿಗುತ್ತದೆ. ಬೈಕಲಾದ ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯ 1872ರಷ್ಟು ಹಳೆಯದು. ಅದರ ಜೀರ್ಣೋದ್ಧಾರ ಮುಗಿದು 2008ರಲ್ಲಿ ಮತ್ತೆ ತೆರೆದಾಗ, ಬಣ್ಣ, ಬಂಗಾರದ ಗಿಲೀಟು, ಎರಕದ ಕಂಬಗಳು ತಾವೇ ಪ್ರದರ್ಶನದ ಭಾಗವಾಗಿ ನಿಂತಿದ್ದನ್ನು ಕಂಡು ಒಳಾಂಗಣವೊಂದು ಎಷ್ಟು ದೂರ ಮಾತಾಡಬಲ್ಲದು ಎಂಬುದು ನನಗೆ ಹೊಸದಾಗಿ ಅರಿವಾಯಿತು.

ಆದರೆ ನಾನು ಹೊಸ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಮೊದಲು ಕರೆದುಕೊಂಡು ಹೋಗುವುದು ಈ ಎರಡೂ ಕಡೆಗಲ್ಲ, ಘಾರಾಪುರಿಗೆ. ಎಲಿಫೆಂಟಾ ಎಂದು ಪ್ರಸಿದ್ಧವಾದ ಆ ದ್ವೀಪದ ಮುಖ್ಯ ಗುಹೆಯನ್ನು ಹೆಚ್ಚಿನ ವಿದ್ವಾಂಸರು 6ನೇ ಶತಮಾನದ್ದೆಂದು ಹೇಳುತ್ತಾರೆ, 1987ರಿಂದ ಅದು ವಿಶ್ವ ಪರಂಪರೆಯ ತಾಣ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಆಮೇಲೆ ಮೆಟ್ಟಿಲುಗಳ ಏರು. ಊರಿನ ಸದ್ದು ಮೈಯಿಂದ ಇಳಿಯಲು ಇಷ್ಟು ಸಾಕು. ಉತ್ತರದ ಬಾಗಿಲಿನಿಂದ ಒಳಗೆ ಹೋದವರ ಎರಡು ಪಕ್ಕಗಳಲ್ಲಿ, ಮೊದಲ ಹೆಜ್ಜೆಗಳಲ್ಲಿಯೇ, ಎರಡು ಶಿಲ್ಪಗಳು ಎದುರುಬದುರಾಗಿವೆ: ಒಂದು ಕಡೆ ಕುಣಿಯುವ ನಟರಾಜ, ಇನ್ನೊಂದು ಕಡೆ ಅಲುಗದೆ ಕುಳಿತ ಯೋಗೀಶ್ವರ. ಒಳಗೆ ಏನು ಕಾದಿದೆ ಎಂಬುದರ ಪೀಠಿಕೆ ಅಷ್ಟರಲ್ಲೇ ಮುಗಿದುಹೋಗುತ್ತದೆ. ನಂತರ ಕಂಬಗಳ ಸಾಲು. ಪೂರ್ವ ಪಶ್ಚಿಮಗಳ ತೆರಪಿನಿಂದ ಬರುವ ಬೆಳಕು ಕಂಬಗಳ ನಡುವೆ ಸೋಸಿ, ದಕ್ಷಿಣದ ಹಿಂಗೋಡೆಯ ಆಳವಾದ ಗೂಡನ್ನು ಮುಟ್ಟುವಾಗ ಬಹಳ ಮೆದುವಾಗಿರುತ್ತದೆ. ಅಲ್ಲಿ ಮನುಷ್ಯನ ಮೂರಾಳಿನಷ್ಟು ಎತ್ತರದ ಸದಾಶಿವನ ಮೂರು ಮುಖಗಳಿವೆ. ದೂರದಿಂದ ಮೊದಲು ಕಾಣುವುದು ನಡುವಿನ ಮುಖದ ತುಟಿ ಮತ್ತು ಕಣ್ಣೆವೆಯ ಅಂಚು ಮಾತ್ರ. ಪಕ್ಕದ ಮುಖಗಳು ನಾವು ಹತ್ತಿರವಾದಂತೆ ಕತ್ತಲಿನಿಂದ ಹೊರಬರುತ್ತವೆ.

ಇದಿಷ್ಟು ಉತ್ತರ ದಕ್ಷಿಣದ ನೇರಗೆರೆ. ಅದನ್ನು ಅಡ್ಡ ಹಾಯುವ ಪೂರ್ವ ಪಶ್ಚಿಮದ ಗೆರೆ ಬೇರೆಯೇ ಇದೆ. ಅದು ನಾಲ್ಕು ದಿಕ್ಕಿಗೂ ಬಾಗಿಲಿರುವ, ದ್ವಾರಪಾಲಕರು ಕಾದು ನಿಂತಿರುವ ಲಿಂಗದ ಗುಡಿಯ ಕಡೆಗೆ ಒಯ್ಯುತ್ತದೆ. ಒಂದೇ ಹಜಾರದಲ್ಲಿ ಎರಡು ನಡಿಗೆಗಳು, ಎರಡು ಗುರಿಗಳು. ಯಾವುದನ್ನು ಮೊದಲು ಹಿಡಿಯಬೇಕು ಎಂಬ ಬಲವಂತ ಇಲ್ಲ. ಬಾಣದ ಗುರುತುಗಳಿಲ್ಲದ, ಫಲಕಗಳಿಲ್ಲದ ಕಾಲದಲ್ಲಿ ಆ ಶಿಲ್ಪಿಗಳು ಬರಿಯ ಕಂಬದ ಅಂತರ ಮತ್ತು ಬೆಳಕಿನ ಹದದಿಂದ ಜನರ ಕಾಲನ್ನು ನಡೆಸಿದ್ದಾರೆ. ಈಗಿನ ಎಷ್ಟೋ ಪ್ರದರ್ಶನಗಳಲ್ಲಿ ನೆಲಕ್ಕೆ ಅಂಟಿಸಿದ ಹಳದಿ ಬಾಣಗಳನ್ನು ಕಂಡಾಗ, ನಕ್ಷೆ ಮಾಡದ ಕೆಲಸವನ್ನು ವಿನೈಲ್ ಸ್ಟಿಕ್ಕರಿಗೆ ಒಪ್ಪಿಸಿದ್ದಾರಲ್ಲ ಎಂದು ನನಗೆ ನೋವಾಗುತ್ತದೆ.

ನಮ್ಮ ಕರಾವಳಿಯ ಹಳೆಯ ಮನೆಗಳೂ ಇದೇ ಪಾಠ ಹೇಳುತ್ತವೆ. ಅಂಗಳದ ಉರಿಬಿಸಿಲಿನಿಂದ ಜಗಲಿಯ ನೆರಳಿಗೆ, ಜಗಲಿಯಿಂದ ಚಾವಡಿಯ ಮಬ್ಬಿಗೆ. ನಡುವೆ ಕಾಲು ತೊಳೆಯಲು ನೀರು, ಕುಳಿತ ಮೇಲೆ ಬೆಲ್ಲ ಮತ್ತು ಕುಡಿಯುವ ನೀರು. ಬಂದವರು ದಣಿವಾರಿಸಿಕೊಂಡ ಮೇಲಷ್ಟೇ ಬಂದ ವಿಷಯ ಮಾತಾಡುವುದು.

ಬೆಳಕಿನ ಬಗ್ಗೆ ಇಷ್ಟು ಯೋಚಿಸುವವರೂ ಸದ್ದನ್ನು ಮರೆತುಬಿಡುತ್ತಾರೆ. ಗಾಜು, ಗ್ರಾನೈಟ್, ಜಿಪ್ಸಮ್ ಬೋರ್ಡ್ ಇವುಗಳಿಂದಲೇ ಮಾಡಿದ ಕೋಣೆ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಒಳಗೆ ಹತ್ತು ಮಂದಿ ಮಾತಾಡತೊಡಗಿದರೆ ಸಂತೆಯಾಗುತ್ತದೆ. ಇದನ್ನು ಮೊದಲೇ ಅಂದಾಜು ಮಾಡಲು ವಾಲೇಸ್ ಸಬೈನ್ ಅವರು ಹಾರ್ವರ್ಡ್‌ನಲ್ಲಿ 19ನೇ ಶತಮಾನದ ಕೊನೆಯಲ್ಲಿ ಪ್ರಯೋಗಗಳಿಂದ ಕಂಡುಕೊಂಡ ಸರಳ ಸೂತ್ರವಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಅದನ್ನು ಒಟ್ಟು ಧ್ವನಿಹೀರಿಕೆಯಿಂದ (ಪ್ರತಿ ಮೈಯ ವಿಸ್ತೀರ್ಣವನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ ಮೊತ್ತದಿಂದ) ಭಾಗಿಸಿದರೆ ಸದ್ದು ಅಡಗಲು ಎಷ್ಟು ಸೆಕೆಂಡು ಬೇಕು ಎಂಬುದು ಸಿಗುತ್ತದೆ. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಕೋಣೆಯ ಎಲ್ಲ ಮೈಯೂ ಗಟ್ಟಿಯಾಗಿದ್ದು, ತಗಲಿದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲನ್ನಷ್ಟೇ ಹೀರುತ್ತದೆ ಎಂದಿಟ್ಟುಕೊಳ್ಳಿ. ಖಾಲಿ ಕೋಣೆಯಲ್ಲಿ ಸದ್ದು ಐದೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ತೇಲುತ್ತದೆ. ಚಾವಣಿಗೆ ಮಾತ್ರ ನೂರಕ್ಕೆ ಎಪ್ಪತ್ತರಷ್ಟು ಹೀರುವ ಹಲಗೆ ಹಾಕಿದರೆ ಅದು ಒಂದು ಸೆಕೆಂಡಿಗಿಂತ ಕೆಳಗಿಳಿಯುತ್ತದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. ಜನ ತುಂಬಿದಾಗ, ಬಟ್ಟೆ ಕುರ್ಚಿ ಸೇರಿದಾಗ ಲೆಕ್ಕ ಬದಲಾಗುತ್ತದೆ, ಆದರೆ ದಾರಿ ತೋರಿಸಲು ಈ ಅಂದಾಜು ಸಾಕು. ಲಕ್ಷಗಟ್ಟಲೆ ಹಣದ ಸ್ಪೀಕರ್ ತರುವ ಮೊದಲು ಚಾವಣಿಯ ಖರ್ಚನ್ನು ಒಪ್ಪಿಕೊಳ್ಳಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಸದ್ದನ್ನೇ ಮೂಲವಾಗಿ ಇಟ್ಟುಕೊಂಡು ಕಟ್ಟಿದ ಜಾಗ ಹೇಗಿರುತ್ತದೆ ಎಂದು ತಿಳಿಯಲು ನರಿಮನ್ ಪಾಯಿಂಟ್‌ನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ಆವರಣದಲ್ಲಿರುವ ಟಾಟಾ ಥಿಯೇಟರಿನಲ್ಲಿ ಒಂದು ಕಛೇರಿ ಕೇಳಬೇಕು. ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಮತ್ತು ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಸೇರಿ ರೂಪಿಸಿದ ಈ ಸಭಾಂಗಣ 1980ರಲ್ಲಿ ತೆರೆಯಿತು. ಜುಹುವಿನ ಪೃಥ್ವಿ ಥಿಯೇಟರ್ ಇದಕ್ಕೆ ಪೂರ್ತಿ ಬೇರೆ. 1978ರಲ್ಲಿ ಶುರುವಾದ ಆ ಪುಟ್ಟ ರಂಗದಲ್ಲಿ ಪ್ರೇಕ್ಷಕರು ವೇದಿಕೆಯ ಮೂರು ಬದಿಗೂ ಕೂರುತ್ತಾರೆ, ನಟನ ಉಸಿರೂ ಕೇಳುತ್ತದೆ. ಮೂರು ಕಡೆ ಜನ ಕುಳಿತು ನೋಡುವ ಯಕ್ಷಗಾನದ ಬಯಲಾಟವನ್ನು ಕಂಡು ಬೆಳೆದ ನನಗೆ ಅಲ್ಲಿ ಮೊದಲ ಸಲ ಕುಳಿತಾಗ ಹೊಸತೆನ್ನಿಸಲಿಲ್ಲ.

ಇನ್ನು ಅಂಗಡಿಗಳು. ಕೊಳ್ಳುವವರ ಮೇಲೆ ಜಾಗದ ವಾತಾವರಣವೇ ಪರಿಣಾಮ ಬೀರುತ್ತದೆ ಎಂಬ ವಿಚಾರವನ್ನು ಫಿಲಿಪ್ ಕೋಟ್ಲರ್ 1973ರಲ್ಲಿ ಬರೆದ ಲೇಖನದಿಂದ ಮಾರುಕಟ್ಟೆ ಶಾಸ್ತ್ರ ಗಂಭೀರವಾಗಿ ತೆಗೆದುಕೊಂಡಿತು. ಅದಕ್ಕೂ ಬಹಳ ಮೊದಲೇ ದಾದರ್, ಮಾಟುಂಗಾದ ಸೀರೆ ಅಂಗಡಿಗಳಲ್ಲಿ ಅದು ನಡೆಯುತ್ತಿತ್ತು. ಚಪ್ಪಲಿ ಕಳಚಿ ಬಿಳಿ ಗಾದಿಯ ಮೇಲೆ ಕೂರುವುದು, ಕುಡಿಯಲು ಏನಾದರೂ ಬರುವುದು, ಆಮೇಲೆ ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಂಡು ಮುಂದೆ ಹರಡುವುದು. ಬಿಳಿಯ ಗಾದಿ ಬಣ್ಣವನ್ನು ಎತ್ತಿ ತೋರಿಸುತ್ತದೆ, ಚಪ್ಪಲಿ ಕಳಚಿದವರು ಅವಸರ ಬಿಡುತ್ತಾರೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಜರಿಯ ಅಂಚು ಬರುತ್ತದೆ. ಈ ಏರ್ಪಾಟನ್ನು ಕಿತ್ತು ಗಾಜಿನ ಕೌಂಟರ್, ಎತ್ತರದ ಸ್ಟೂಲು ಹಾಕಿಸಲು ಹೊರಟವರನ್ನು ಕಂಡರೆ ನಾನು ಆದಷ್ಟು ತಡೆಯುತ್ತೇನೆ. ಗಾದಿಯನ್ನು ಉಳಿಸಿ, ನೆಲದಲ್ಲಿ ಕೂರಲಾಗದ ಹಿರಿಯರಿಗೆಂದು ಅದರ ಅಂಚಿನಲ್ಲಿ ಬೆಂಚಿನಷ್ಟು ಎತ್ತರದ ಕಟ್ಟೆ ಸೇರಿಸಿದರೆ ಎರಡೂ ಕೆಲಸ ಆಗುತ್ತದೆ.

ಅಲ್ಲಿ ಬದಲಾಗಬೇಕಾದದ್ದು ದೀಪ. ಸೀರೆ ಆರಿಸಿದ ಹೆಂಗಸರು ಅದನ್ನು ಬಾಗಿಲಿಗೆ ಒಯ್ದು ಹಗಲಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಅವರ ಅನುಮಾನ ನ್ಯಾಯವಾದದ್ದು. ದೀಪದ ಪೆಟ್ಟಿಗೆಯ ಮೇಲೆ ಬರೆದಿರುವ ಸಿಆರ್‌ಐ ಸಂಖ್ಯೆ, ಅಂದರೆ ಆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ, ಎಂಟು ತೆಳು ಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪಿನ ಪರೀಕ್ಷೆಯಾದ ಆರ್9 ಅದರಲ್ಲಿ ಸೇರುವುದೇ ಇಲ್ಲ. ಹಾಗಾಗಿ ಸಿಆರ್‌ಐ 80 ಎಂದು ಬರೆದಿರುವ ಅಗ್ಗದ ಎಲ್‌ಇಡಿಯ ಕೆಳಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿದುಬಿಡಬಹುದು. ಸಿಆರ್‌ಐ 90ರ ಮೇಲಿರುವ, ಆರ್9 ಎಷ್ಟೆಂದು ಬೇರೆಯಾಗಿ ನಮೂದಿಸಿರುವ ದೀಪವನ್ನೇ ತರಬೇಕು, ತಂದ ಮೇಲೂ ಅಂಗಡಿಯ ಸೀರೆಯನ್ನೇ ಅದರ ಕೆಳಗಿಟ್ಟು ನೋಡಬೇಕು. ನೇಯ್ದವರು ದಿನಗಟ್ಟಲೆ ಕುಳಿತು ತಂದ ಬಣ್ಣವನ್ನು ದೀಪದವರು ಕಳೆಯಬಾರದು.

ಅಂಗಡಿಯಲ್ಲಿ ಜನ ದಾರಿ ತಪ್ಪಿ ಅಲೆಯುವಂತೆ ಮಾಡಿದರೆ ಹೆಚ್ಚು ಕೊಳ್ಳುತ್ತಾರೆ ಎಂಬ ವಾದವೂ ನಮ್ಮ ಕಸುಬಿನಲ್ಲಿದೆ. ಅಮೆರಿಕದ ಮಿನೆಸೋಟಾದಲ್ಲಿ 1956ರಲ್ಲಿ ಸೌತ್‌ಡೇಲ್ ಮಾಲ್ ಕಟ್ಟಿದ ವಿಕ್ಟರ್ ಗ್ರುಯೆನ್ ಹೆಸರನ್ನು ಈ ತಂತ್ರಕ್ಕೆ ಅಂಟಿಸಿದ್ದಾರೆ, ಆದರೆ ಮಾಲುಗಳು ಹಿಡಿದ ದಾರಿಯನ್ನು ಅವರೇ ಕೊನೆಗೆ ಖಂಡಿಸಿದರು. ಜನರನ್ನು ಕಂಗೆಡಿಸಿ ಹಿಡಿದಿಟ್ಟುಕೊಳ್ಳುವ ನಕ್ಷೆಯನ್ನು ನಾನು ಮಾಡುವುದಿಲ್ಲ. ತನ್ಮಯತೆಗೆ ಮೊದಲು ನಂಬಿಕೆ ಬೇಕು; ಹೊರಹೋಗುವ ದಾರಿ ಎಲ್ಲಿದೆ ಎಂದು ತಿಳಿದವರು ಮಾತ್ರ ನಿಶ್ಚಿಂತೆಯಿಂದ ಒಳಗೆ ನಿಲ್ಲುತ್ತಾರೆ.

ಪ್ರೊಜೆಕ್ಷನ್ ಪ್ರದರ್ಶನಗಳ ವಿರೋಧಿ ನಾನಲ್ಲ. ವ್ಯಾನ್ ಗೋ ಚಿತ್ರಗಳನ್ನು ಗೋಡೆ ನೆಲಗಳ ಮೇಲೆಲ್ಲ ಹರಿಸುವ ಮಾದರಿಯ ಪ್ರದರ್ಶನ 2023ರಲ್ಲಿ ಮುಂಬೈಗೂ ಬಂದಾಗ, ಆರ್ಟ್ ಗ್ಯಾಲರಿಯ ಮೆಟ್ಟಿಲು ತುಳಿಯದ ಎಷ್ಟೋ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋದವು, ಅದು ಒಳ್ಳೆಯದೇ. ಆದರೆ ಪ್ರೊಜೆಕ್ಟರಿಗೆ ಕಪ್ಪು ಬಣ್ಣವನ್ನು ಎಸೆಯಲು ಬರುವುದಿಲ್ಲ ಎಂಬುದನ್ನು ಮರೆಯಬಾರದು. ಚಿತ್ರದ ಕಪ್ಪು ಎಂದರೆ ಬೆಳಕು ಬೀಳದ ಗೋಡೆ, ಅಷ್ಟೇ. ಪಕ್ಕದ ಕೆಫೆಯ ಬೆಳಕು ಆ ಗೋಡೆಗೆ ತಗಲಿದರೆ ಎಷ್ಟು ದುಬಾರಿ ಯಂತ್ರವಿದ್ದರೂ ಚಿತ್ರ ತೆಳುವಾಗುತ್ತದೆ. ಇಲ್ಲಿಯೂ ತಿರುವಿರುವ ಒಂದು ಪ್ರವೇಶದ ಓಣಿ ಯಂತ್ರಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಮಾಟುಂಗಾ ಕಡೆಯ ಸಭಾಂಗಣವೊಂದರಲ್ಲಿ, ನಮ್ಮ ಸಂಘವೊಂದರ ವಾರ್ಷಿಕೋತ್ಸವಕ್ಕೆಂದು, ಮುಂಬೈಯ ಕನ್ನಡಿಗರ ಹೋಟೆಲು ಮತ್ತು ರಾತ್ರಿಶಾಲೆಗಳ ಬದುಕಿನ ಬಗ್ಗೆ ಮಾಡಿದ ಪ್ರದರ್ಶನದಲ್ಲಿ ಈ ವಿಚಾರಗಳನ್ನು ಕಡಿಮೆ ಖರ್ಚಿನಲ್ಲಿ ನಡೆಸಿ ನೋಡುವ ಅವಕಾಶ ಸಿಕ್ಕಿತು. ಊರಿನಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದ ಹುಡುಗರ ಕಥೆ ನಮ್ಮಲ್ಲಿ ಎಷ್ಟೋ ಮನೆಗಳದ್ದು. ಸಭಾಂಗಣವೋ ಎಲ್ಲ ಸಭಾಂಗಣಗಳಂತೆಯೇ ಇತ್ತು: ಹೊಳೆಯುವ ಕಲ್ಲಿನ ನೆಲ, ಸಾಲು ಟ್ಯೂಬ್‌ಲೈಟು, ಫ್ಯಾನು, ಒಂದು ತುದಿಗೆ ವೇದಿಕೆ. ಸನ್‌ಬೋರ್ಡಿಗೆ ಅಂಟಿಸಿದ ಫೋಟೋಗಳನ್ನು ಸುತ್ತಲೂ ನಿಲ್ಲಿಸಿದರೆ ಆಯಿತು ಎಂಬುದು ಸಮಿತಿಯ ಮೊದಲ ಯೋಚನೆಯಾಗಿತ್ತು.

ನಾವು ಟ್ಯೂಬ್‌ಲೈಟುಗಳನ್ನು ಆರಿಸಿದೆವು. ಬಾಗಿಲಿನ ಒಳಗೆ, ಮಂಟಪದವರಿಂದ ಬಾಡಿಗೆಗೆ ತಂದ ಚೌಕಟ್ಟಿಗೆ ಕಪ್ಪು ಬಟ್ಟೆ ಬಿಗಿದು ಎರಡು ತಿರುವಿನ ಓಣಿ ಮಾಡಿದೆವು. ಬಾಗಿಲು ತೆರೆದಿದ್ದರೂ ಬೀದಿಯ ಬೆಳಕು ಒಳಗೆ ಬರದಂತೆ ಅದು ತಡೆಯಿತು. ಓಣಿಯ ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿದ್ದರಿಂದ ಹೆಜ್ಜೆಯ ಸದ್ದು ಥಟ್ಟನೆ ಇಳಿಯುತ್ತಿತ್ತು, ಅದರೊಂದಿಗೆ ಮಾತೂ ಇಳಿಯುತ್ತಿತ್ತು. ಮೊದಲ ತಿರುವಿನಲ್ಲಿ ಏನೂ ಇರಲಿಲ್ಲ. ಎರಡನೆಯ ತಿರುವಿನಲ್ಲಿ ಒಂದೇ ಒಂದು ದೀಪದ ಕೆಳಗೆ ಒಂದು ಹಳೆಯ ಕಬ್ಬಿಣದ ಟ್ರಂಕು, ಅದರ ಮೇಲೆ ಸುತ್ತಿಟ್ಟ ಹಾಸಿಗೆ. ಫಲಕ ಇಡಲಿಲ್ಲ. ಅದನ್ನು ಹೊತ್ತುಕೊಂಡು ಬೋರಿಬಂದರು ರೈಲು ನಿಲ್ದಾಣದಲ್ಲಿ ಇಳಿದವರ ಮಕ್ಕಳು ಮೊಮ್ಮಕ್ಕಳೇ ನೋಡಲು ಬರುವವರಾಗಿದ್ದರು, ಅವರಿಗೆ ವಿವರಣೆ ಬೇಕಿರಲಿಲ್ಲ.

ಮಾದರಿ ನೋಡಲು ಬಂದ ಸಂಘದ ಹಿರಿಯರೊಬ್ಬರು ಹೇಳಿದ ಮಾತು ನಕ್ಷೆಯನ್ನೇ ತಿದ್ದಿತು. "ಫೋಟೋ ಸ್ವಲ್ಪ ಕೆಳಗೆ ಇಡಿ ಮಾರಾಯ್ರೆ, ಹೆಂಗಸರು ಮಕ್ಕಳೆಲ್ಲ ಕತ್ತೆತ್ತಿ ನೋಡ್ಬೇಕಾ?" ಎಂದರು. ಚಿತ್ರದ ನಡುಗೆರೆ ನೆಲದಿಂದ 145ರಿಂದ 155 ಸೆಂಟಿಮೀಟರ್ ಎತ್ತರದಲ್ಲಿರಬೇಕು ಎಂಬುದು ಗ್ಯಾಲರಿಗಳ ರೂಢಿ. ನಾವು ಅದನ್ನು 135ಕ್ಕೆ ಇಳಿಸಿದೆವು, ಗಾಲಿಕುರ್ಚಿಯಲ್ಲಿ ಬಂದವರಿಗೂ ಅದು ಸರಿಹೋಯಿತು. ಗಾಲಿಕುರ್ಚಿ ತಿರುಗಲೆಂದು ಓಣಿಯ ತಿರುವುಗಳಲ್ಲಿ ಒಂದೂವರೆ ಮೀಟರ್ ಬಿಟ್ಟಿದ್ದೆವು. ನಡುವಿನ ಭಾಗದಲ್ಲಿ ಶಾಲೆಯ ಉದ್ದ ಬೆಂಚುಗಳನ್ನು ಹಾಕಿ, ರಾತ್ರಿಶಾಲೆಯಲ್ಲಿ ಓದಿದ ಹಿರಿಯರ ಧ್ವನಿಮುದ್ರಿತ ಮಾತುಗಳನ್ನು ಬೆಂಚಿಗೆ ಜೋಡಿಸಿದ ಸಣ್ಣ ಸ್ಪೀಕರುಗಳಲ್ಲಿ, ಕುಳಿತವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹಾಕಿದೆವು. ನಿಂತವರಿಗೆ ಗುಜುಗುಜು, ಕುಳಿತವರಿಗೆ ಮಾತು. ಹಾಗಾಗಿ ಎಲ್ಲರೂ ಕುಳಿತರು.

ಬಟ್ಟೆಯ ಓಣಿ ಎಂದಾಗ ಬೆಂಕಿಯ ಮಾತನ್ನು ಬಿಡುವಂತಿಲ್ಲ. 2017ರ ಡಿಸೆಂಬರ್ 29ರಂದು ಮುಂಬೈಯ ಕಮಲಾ ಮಿಲ್ಸ್ ಆವರಣದ ಮೇಲ್ಮಹಡಿಯ ರೆಸ್ಟೋರೆಂಟಿನಲ್ಲಿ ಎದ್ದ ಬೆಂಕಿಯಲ್ಲಿ 14 ಮಂದಿ ತೀರಿಹೋದರು. ಅಲಂಕಾರದ ಹೆಸರಿನಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದನ್ನು ತಲೆಯ ಮೇಲೆ ಹರಡುವ ಯಾವ ಡಿಸೈನರೂ ಆ ದಿನವನ್ನು ಮರೆಯಬಾರದು. ನಮ್ಮ ಬಟ್ಟೆಗೆ ಬೆಂಕಿ ತಡೆಯುವ ಲೇಪ ಹಾಕಿಸಿ, ಒಂದು ತುಂಡನ್ನು ಹೊರಗೆ ಉರಿಸಿ ನೋಡಿದ ಮೇಲೆ ಕಟ್ಟಿದೆವು. ಶಾಶ್ವತ ಕೆಲಸಗಳಲ್ಲಿ ಬೆಂಕಿ ತಡೆಯುವ ಪ್ಲೈವುಡ್ಡಿಗೆ ಭಾರತೀಯ ಮಾನಕದ ಐಎಸ್ 5509, ನೀರು ತಡೆಯುವುದಕ್ಕೆ ಐಎಸ್ 710 ಮುದ್ರೆಯನ್ನು ನಾನೇ ಹಲಗೆ ತಿರುಗಿಸಿ ನೋಡುತ್ತೇನೆ, ಏಕೆಂದರೆ ಜುಲೈ ತಿಂಗಳ ಮುಂಬೈಯ ತೇವದಲ್ಲಿ ಮರದ ನಾರನ್ನು ಒತ್ತಿ ಮಾಡಿದ ಸಾದಾ ಎಂಡಿಎಫ್ ಹಲಗೆ ಅಂಚುಗಳಲ್ಲಿ ಉಬ್ಬಿ ಬಾಯಿಬಿಡುತ್ತದೆ. ಹೊರದಾರಿಯ ಹಸಿರು ದೀಪ ವಾತಾವರಣ ಕೆಡಿಸುತ್ತದೆ, ಅದನ್ನು ಮುಚ್ಚಿ ಎಂದು ಕೇಳುವವರಿದ್ದಾರೆ. ಅದನ್ನು ಮುಚ್ಚುವುದಿಲ್ಲ. ಆ ದೀಪ ಅಲ್ಲಿರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಉಳಿದ ಬೆಳಕನ್ನು ಹೊಂದಿಸಬೇಕು.

ಹೊರಹೋಗುವ ದಾರಿಗೂ ಒಳಬರುವ ದಾರಿಯಷ್ಟೇ ವಿನ್ಯಾಸ ಬೇಕು. ಆ ಪ್ರದರ್ಶನದ ಕೊನೆಗೆ ಬೆಳಕು ಸ್ವಲ್ಪ ಸ್ವಲ್ಪವಾಗಿ ಏರುವ ಒಂದು ಮೂಲೆಯಲ್ಲಿ ಮೇಜು, ಎರಡು ಕುರ್ಚಿ, ಒಂದು ದಪ್ಪ ಪುಸ್ತಕ ಇಟ್ಟಿದ್ದೆವು. ಅಭಿಪ್ರಾಯ ಬರೆಯಿರಿ ಎಂದು ಕೇಳದೆ, ನೀವೋ ನಿಮ್ಮ ಮನೆಯವರೋ ಮುಂಬೈಯ ಯಾವ ಹೋಟೆಲಿನಲ್ಲಿ ಮೊದಲು ಕೆಲಸಕ್ಕೆ ನಿಂತಿರಿ, ಯಾವ ಶಾಲೆಯಲ್ಲಿ ಓದಿದಿರಿ ಎಂದು ಮಾತ್ರ ಕೇಳಿದ್ದೆವು. ಜನ ಬರೆದರು: ಈಗ ಇಲ್ಲದ ಹೋಟೆಲುಗಳ ಹೆಸರು, ಗಲ್ಲಿಯ ಹೆಸರು, ರಾತ್ರಿಶಾಲೆಯ ಮಾಸ್ತರರ ಹೆಸರು, ಕೆಲವರು ತಮ್ಮ ಅಂದಿನ ಸಂಬಳವನ್ನೂ. ಅದನ್ನೆಲ್ಲ ವಾರ್ಡುಗಳ ಪ್ರಕಾರ ವಿಂಗಡಿಸಿ, ದಕ್ಷಿಣದ ಕೋಟೆ ಪ್ರದೇಶದಿಂದ ಉಪನಗರಗಳವರೆಗಿನ ಒಂದು ಗೋಡೆಯಗಲದ ನಕಾಶೆ ಮಾಡುವ ಕೆಲಸ ಈಗ ನಡೆಯುತ್ತಿದೆ. ಸಂಘದ ಮುಂದಿನ ಪ್ರದರ್ಶನದಲ್ಲಿ ಅದನ್ನು ನೆಲದಿಂದ ಒಂದಡಿ ಎತ್ತರದಿಂದ ಶುರುಮಾಡಿ, ಕುಳಿತು ಓದಬಹುದಾದಂತೆ ಅದರ ಉದ್ದಕ್ಕೂ ಬೆಂಚು ಹಾಕಲಿದ್ದೇವೆ.